ಮೊದಲು ಅವರ ಹಳೇ ಸ್ವಭಾವ ಕೇಳುತ್ತೇನೆ

ನಾನು ನರ್ಸ್. ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಕುಂದುವ ಮಿದುಳಿನ ಕಾಯಿಲೆ, ಇರುವ ಹಿರಿಯರ ಮನೆಗಳಿಗೆ ಹೋಗಿ, ಅವರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಮನೆಯವರಿಗೆ ಹೇಳಿಕೊಡುತ್ತೇನೆ. ಮೊದಲ ದಿನ ಮಾತ್ರೆಗಳ ಚೀಟಿ ನೋಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: ಕಾಯಿಲೆಗೆ ಮೊದಲು ಇವರು ಎಂಥವರಾಗಿದ್ದರು? ಜನ ಸೇರಿದರೆ ಖುಷಿಯೋ, ಒಬ್ಬರೇ ಇರುವುದು ಇಷ್ಟವೋ? ಸಿಟ್ಟು ಬಂದರೆ ಕೂಗುತ್ತಿದ್ದರೋ, ಮಾತು ಬಿಡುತ್ತಿದ್ದರೋ? ಮನೆಯ ದುಡ್ಡು ಯಾರ ಕೈಯಲ್ಲಿತ್ತು? ಎಷ್ಟು ಗಂಟೆಗೆ ಏಳುತ್ತಿದ್ದರು?

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಡುತ್ತೇನೆ. ರಾತ್ರಿ ಪಾಳಿಯ ಆಯಾ ಕೂಡ ಅದನ್ನು ಓದಲೇಬೇಕು.

ಒಬ್ಬರು ನಿವೃತ್ತ ಬಸ್ ಕಂಡಕ್ಟರ್. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗೇಟ್ ಬಡಿಯುತ್ತಿದ್ದರು. ತಡೆದರೆ ಕೈ ಎತ್ತುತ್ತಿದ್ದರು. ಮನೆಯವರು ನಿದ್ದೆ ಮಾತ್ರೆ ಕೇಳಿದರು. ಆ ವಯಸ್ಸಲ್ಲಿ ಮಂಪರು ಮಾತ್ರೆ ಕೊಟ್ಟರೆ ಬೀಳುವ ಭಯ ಜಾಸ್ತಿ. ನಾನು ಹಾಳೆ ತುಂಬಿಸಲು ಕೂತೆ. ವರ್ಷಗಟ್ಟಲೆ ಮೊದಲನೇ ಬಸ್ಸಿನ ಡ್ಯೂಟಿ, ಒಂದು ದಿನವೂ ತಡವಾಗದ ಮನುಷ್ಯ, ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆದರೂ ಊಟ ಮಾಡದವರು ಅಂತ ಹೆಂಡತಿ ಹೇಳಿದರು. ಅಲ್ಲಿಗೆ ಗೊತ್ತಾಯಿತು, ಅವರು ಡ್ಯೂಟಿಗೆ ಹೊರಟಿದ್ದಾರೆ! ನಾಲ್ಕಕ್ಕೆ ಕಾಫಿ ಕೊಟ್ಟು, ಹೆಗಲಿಗೆ ಬ್ಯಾಗ್ ಹಾಕಿ, ಮಗ ಜೊತೆಗೆ ಹೋಗಿ ಬೀದಿಯಲ್ಲಿ ಒಂದು ಸುತ್ತು ಹಾಕಿಸಿದರು. ಬಂದ ಮೇಲೆ ಚಿಲ್ಲರೆ ಎಣಿಸಲು ಕೊಟ್ಟೆವು. ಬೇಗ ಏಳುವುದು ನಿಲ್ಲಲಿಲ್ಲ. ಹೊಡೆಯುವುದು ನಿಂತಿತು.

ಬ್ರಿಟನ್ನಿನ ಟಾಮ್ ಕಿಟ್‌ವುಡ್ ಎಂಬ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲೇ ಇದನ್ನು ಒತ್ತಿ ಹೇಳಿದ್ದರು. ಮಿದುಳಿನ ಹಾನಿಯಷ್ಟನ್ನೇ ನೋಡಿದರೆ ಸಾಲದು. ಸ್ವಭಾವ, ಬದುಕಿದ ರೀತಿ, ದೇಹದ ಆರೋಗ್ಯ, ಸುತ್ತಲಿನವರ ನಡವಳಿಕೆ ಎಲ್ಲವನ್ನೂ ನೋಡಬೇಕು. ಮೊದಲಿಂದಲೂ ಜಾಸ್ತಿ ಚಿಂತೆ ಮಾಡುತ್ತಿದ್ದವರಲ್ಲಿ ಆತಂಕ, ಖಿನ್ನತೆ ಹೆಚ್ಚು ಕಾಣುತ್ತದೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಕೂಗಾಟ, ಅನುಮಾನದ ವಿಷಯದಲ್ಲಿ ಮಾತ್ರ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ.

ಅದಕ್ಕೇ "ಅಮ್ಮ ಮೊದಲಿಂದಲೂ ಹೀಗೇ" ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಒಂದು ಮನೆಯಲ್ಲಿ ಅತ್ತೆ ದಿನಾ ಸೊಸೆಗೆ "ನನ್ನ ಸರ ಕದ್ದೆ" ಅನ್ನುತ್ತಿದ್ದರು. ಹಳೇ ಮನಸ್ತಾಪವೆಲ್ಲ ಮೇಲೆ ಬಂದು ಸೊಸೆ ಕಣ್ಣೀರು ಹಾಕುತ್ತಿದ್ದರು. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಡಬ್ಬಿಗಳಲ್ಲಿ ದುಡ್ಡು ಬಚ್ಚಿಟ್ಟು ಮಕ್ಕಳನ್ನು ಸಾಕಿದ್ದರು. ಬಚ್ಚಿಡುವುದು ಅವರ ಹಳೇ ಅಭ್ಯಾಸ. ಎಲ್ಲಿಟ್ಟೆ ಅನ್ನುವುದನ್ನು ಮರೆಸುವುದು ಕಾಯಿಲೆ. ಇಟ್ಟ ಜಾಗ ನೆನಪಿಲ್ಲದಿದ್ದರೆ ಯಾರೋ ತೆಗೆದರು ಅಂತ ಅನ್ನಿಸುತ್ತದೆ, ಅಲ್ವಾ? ಜೀವನವಿಡೀ ಎಲ್ಲರನ್ನೂ ನಂಬಿದವರೂ ಈ ಕಾಯಿಲೆಯಲ್ಲಿ ಹೀಗೆ ದೂರುತ್ತಾರೆ. ಸೊಸೆಗೆ ಇದನ್ನು ಬಿಡಿಸಿ ಹೇಳಿದೆ. "ನಾನು ತಗೊಂಡಿಲ್ಲ" ಅಂತ ವಾದ ಬೇಡ, "ಬನ್ನಿ ಅತ್ತೆ, ಇಬ್ಬರೂ ಹುಡುಕೋಣ" ಅನ್ನಿ ಎಂದೆ. ಅಸಲಿ ಸರ ಬೀರುವಿಗೆ ಹೋಯಿತು. ಅದೇ ಥರದ ರೋಲ್ಡ್ ಗೋಲ್ಡ್ ಸರ, ಬೀಗ ಇರುವ ಒಂದು ಡಬ್ಬಿ ಅವರ ಮಂಚದ ಪಕ್ಕ ಬಂತು. ಬೀಗದ ಕೈ ಅವರ ಸೆರಗಿನಲ್ಲೇ ಇರುತ್ತದೆ.

ಹಾಳೆಯಲ್ಲಿ ಬರೆದದ್ದಕ್ಕೂ ಕಣ್ಣೆದುರಿನ ಮನುಷ್ಯರಿಗೂ ಹೊಂದಿಕೆಯೇ ಆಗದಿದ್ದರೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಐವತ್ತರ ಆಸುಪಾಸಿನ ಮೃದು ಸ್ವಭಾವದವರು ಮೆಲ್ಲಮೆಲ್ಲಗೆ ಕೆಟ್ಟ ಮಾತಾಡುವುದು, ಪಕ್ಕದವರ ತಟ್ಟೆಗೆ ಕೈ ಹಾಕುವುದು ಶುರುಮಾಡಿದರೆ, ಕಾಯಿಲೆ ಮಿದುಳಿನ ಮುಂಭಾಗದಲ್ಲೇ ಶುರುವಾಗಿರಬಹುದು. ಆ ಬಗೆಯಲ್ಲಿ ಸ್ವಭಾವವೇ ಬದಲಾಗುತ್ತದೆ. ತಡಮಾಡದೆ ನರರೋಗ ತಜ್ಞರ ಹತ್ತಿರ ಕಳಿಸುತ್ತೇನೆ. ಇನ್ನು ಎರಡೇ ದಿನದಲ್ಲಿ ಗಲಾಟೆ ಜಾಸ್ತಿಯಾಯಿತು ಅಂದರೆ, ಸ್ವಭಾವದ ಮಾತು ಆಮೇಲೆ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಹೊಸ ಮಾತ್ರೆ, ಇಷ್ಟನ್ನು ಅವತ್ತೇ ಡಾಕ್ಟರ ಹತ್ತಿರ ನೋಡಿಸಿ ಅನ್ನುತ್ತೇನೆ.