ಸಂಕೇತ ಮುಟ್ಟಿದರೆ ಸಾಲದು, ಅಳಿಯಲೂ ಬೇಕು

ಬೆರಳನ್ನೊಮ್ಮೆ ಮಡಚಿ ನೋಡಿ. ಬೆನ್ನುಹುರಿಯಿಂದ ಹೊರಟ ವಿದ್ಯುತ್ ಸಂಕೇತ ನರದ ತುದಿಯವರೆಗೆ ಓಡಿ ಬಂದು ಅಲ್ಲೇ ನಿಲ್ಲುತ್ತದೆ. ನರತುದಿಗೂ ಸ್ನಾಯುವಿಗೂ ನಡುವೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತ ಕಿರಿದಾದ ಸಂದಿದೆ. ಅದನ್ನು ದಾಟುವುದು ವಿದ್ಯುತ್ತಲ್ಲ, ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ.

ಮೊದಲ ಹಂತ: ಸಂಕೇತ ತಲುಪಿದೊಡನೆ ನರತುದಿಯ ಪೊರೆಯಲ್ಲಿರುವ ರಂಧ್ರಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ.

ಎರಡನೆಯದು: ಅಸಿಟೈಲ್‌ಕೋಲಿನ್ ತುಂಬಿಕೊಂಡು ಕಾದಿದ್ದ ಸೂಕ್ಷ್ಮ ಚೀಲಗಳು ಪೊರೆಗೆ ಬೆಸೆದು ಬಾಯಿ ಬಿಡುತ್ತವೆ. ಒಂದೊಂದು ಚೀಲದಲ್ಲೂ ಸಾವಿರಾರು ಅಣುಗಳಿರುತ್ತವೆ.

ಮೂರನೆಯದು: ಆ ಅಣುಗಳು ಸ್ನಾಯುವಿನ ಮೇಲೆ ಅವನ್ನು ಹಿಡಿದುಕೊಳ್ಳಲೆಂದೇ ಇರುವ ಗ್ರಾಹಕಗಳಿಗೆ ಅಂಟುತ್ತವೆ, ಸೋಡಿಯಂ ಒಳಹೋಗುತ್ತದೆ, ಸ್ನಾಯು ಸಂಕುಚಿಸುತ್ತದೆ.

ನರಗಳು ರಾಸಾಯನಿಕದ ಮೂಲಕ ಕೆಲಸ ಮಾಡುತ್ತವೆಂದು 1921ರಲ್ಲಿ ತೋರಿಸಿದವರು ವಿಜ್ಞಾನಿ ಒಟ್ಟೊ ಲೋವಿ. ಕಪ್ಪೆಯೊಂದರ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಅವರು ಪ್ರಚೋದಿಸಿದಾಗ ಬಡಿತ ನಿಧಾನವಾಯಿತು. ಆ ಹೃದಯವನ್ನು ಇರಿಸಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಯಾವ ನರವನ್ನೂ ಮುಟ್ಟದೆಯೇ ಅದೂ ನಿಧಾನವಾಯಿತು! ಇಷ್ಟು ಸರಳವಾಗಿ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಕೊಟ್ಟ ಪ್ರಯೋಗಗಳು ವಿರಳ.

ನಾಲ್ಕನೆಯ ಹಂತಕ್ಕೆ ನಾವು ಕೊಡುವ ಗಮನ ಸಾಲದು. ಸಂದಿನಲ್ಲೇ ಇರುವ ಕೋಲಿನೆಸ್ಟರೇಸ್ ಎಂಬ ಕಿಣ್ವ ಅಸಿಟೈಲ್‌ಕೋಲಿನನ್ನು ಕ್ಷಣಾರ್ಧದಲ್ಲಿ ತುಂಡರಿಸುತ್ತದೆ. ಹಳೆಯ ಸಂಕೇತ ಅಳಿದರೆ ಮಾತ್ರ ಹೊಸದಕ್ಕೆ ಜಾಗ.

ಕ್ಲೋರ್‌ಪೈರಿಫಾಸ್, ಮಾನೋಕ್ರೊಟೊಫಾಸ್‌ನಂಥ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲಿನ್ ಅಳಿಯದೆ ಉಳಿದು ಸ್ನಾಯುಗಳನ್ನೂ ಗ್ರಂಥಿಗಳನ್ನೂ ಪ್ರಚೋದಿಸುತ್ತಲೇ ಇರುತ್ತದೆ. ಹುಳಗಳು ಸಾಯುವುದು ಹೀಗೆ, ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ಔಷಧಿ ಹೊಡೆಯುವ ರೈತ ಕುಸಿಯುವುದೂ ಹೀಗೆಯೇ. ಜೊಲ್ಲು, ಕಣ್ಣೀರು, ಬೆವರು ನಿಲ್ಲುವುದಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋಲುತ್ತವೆ, ಉಸಿರಾಟದ ಸ್ನಾಯುಗಳೂ ಸೇರಿ.

ಇಂಥ ಲಕ್ಷಣ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಕೈಗವಸು ತೊಟ್ಟು ಅವರ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆಯಿರಿ. ವಿಷ ಹೊಟ್ಟೆಗೆ ಹೋಗಿದ್ದರೂ ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬವನ್ನೋ ಅದರ ಚೀಟಿಯ ಫೋಟೊವನ್ನೋ ವೈದ್ಯರಿಗೆ ತೋರಿಸಿ. ಅವರು ಕೊಡುವ ಅಟ್ರೋಪಿನ್ ಎಂಬ ಮದ್ದು ಗ್ರಂಥಿ, ಹೃದಯ, ಶ್ವಾಸನಾಳಗಳಲ್ಲಿನ ಗ್ರಾಹಕಗಳನ್ನು ಮುಚ್ಚಿ ಜೊಲ್ಲು, ಕಫಗಳನ್ನು ತಡೆಯುತ್ತದೆ. ಸೋತ ಸ್ನಾಯುಗಳಿಗೆ ಅದು ಬಲ ಕೊಡಲಾರದು. ಆದ್ದರಿಂದ ರೋಗಿ ಚೇತರಿಸಿಕೊಂಡಂತೆ ಕಂಡರೂ ಮನೆಗೆ ಕರೆದೊಯ್ಯುವ ಅವಸರ ಬೇಡ. ಒಂದೆರಡು ದಿನಗಳ ಮೇಲೂ ಉಸಿರಾಟ ಸೋತು ವೆಂಟಿಲೇಟರ್ ಬೇಕಾಗಬಹುದು.