ಶವರ್ ಬಾಗಿಲಿನ ಸವೆದ ಸೀಲು: ಅಳತೆ ಸರಿಯಿದ್ದರೆ ಅಂಟು ಬೇಡ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಈಚೆಗೆ ಕಟ್ಟಿದ ಅನೇಕ ಮನೆಗಳ ಬಚ್ಚಲಿನಲ್ಲಿ ಶವರಿನ ಜಾಗವನ್ನು ಗಾಜಿನ ಬಾಗಿಲಿನಿಂದ ಬೇರ್ಪಡಿಸಿರುತ್ತಾರೆ. ಗಾಜು ದೀರ್ಘಕಾಲ ಬಾಳುತ್ತದೆ, ಅದರ ಅಂಚಿಗೆ ಸಿಕ್ಕಿಸಿದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಬಾಳುವುದಿಲ್ಲ. ಪಿವಿಸಿಗೆ ಮೃದುತ್ವ ಕೊಡಲು ಬೆರೆಸಿದ ಅಂಶ ವರ್ಷಗಳು ಕಳೆದಂತೆ ಕಡಿಮೆಯಾಗಿ, ಪಟ್ಟಿ ಹಳದಿಗಟ್ಟಿ, ಗಡುಸಾಗಿ, ಕೊನೆಗೆ ತುದಿಯಲ್ಲಿ ಸೀಳುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲು ಸರಿಯಾಗಿ ಒಣಗುವುದೇ ಅಪರೂಪವಾದ್ದರಿಂದ, ಪಟ್ಟಿಯ ಸಂದಿಯಲ್ಲಿ ಕಪ್ಪು ಬೂಸ್ಟು ಹಿಡಿಯುವುದೂ ಬೇಗ.

ನೀರು ಹೊರಗೆ ಹರಿಯತೊಡಗಿದೊಡನೆ ಹೆಚ್ಚಿನವರು ಮಾಡುವ ಕೆಲಸವೆಂದರೆ ಒಂದು ಟ್ಯೂಬ್ ಸಿಲಿಕಾನ್ ತಂದು ಹಳೆಯ ಪಟ್ಟಿಯ ಮೇಲೆಯೇ ಬಳಿಯುವುದು. ಇದನ್ನು ಖಂಡಿತ ಮಾಡಬಾರದು. ಸಿಲಿಕಾನ್ ಇರುವುದು ಅಲುಗಾಡದ ಸಂದಿಗಳಿಗೆ. ದಿನಕ್ಕೆ ಹಲವು ಬಾರಿ ತೆರೆದು ಮುಚ್ಚುವ ಬಾಗಿಲಿನ ಅಂಚಿನಲ್ಲಿ ಅದು ಕೆಲವೇ ದಿನಗಳಲ್ಲಿ ಎದ್ದು, ಒಳಗೆ ನೀರು ಸೇರಿಸಿಕೊಂಡು, ಬೂಸ್ಟಿಗೆ ಇನ್ನಷ್ಟು ಜಾಗ ಮಾಡಿಕೊಡುತ್ತದೆ. ಮುಂದೆ ಹೊಸ ಪಟ್ಟಿ ಹಾಕಲು ಹೊರಟಾಗ ಅದನ್ನು ಗಾಜಿನಿಂದ ಕೆರೆದು ತೆಗೆಯುವುದೇ ಅರ್ಧ ದಿನದ ಕೆಲಸವಾಗುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಿಕೊಳ್ಳಬೇಕು. ಬಾಗಿಲಿನ ಹೊರಗೆ ಹಳೆಯ ವೃತ್ತಪತ್ರಿಕೆ ಹಾಸಿ, ಬಾಗಿಲು ಮುಚ್ಚಿ, ಶವರನ್ನು ಗಾಜಿನತ್ತ ತಿರುಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಕಾಗದ ಮೊದಲು ಒದ್ದೆಯಾಗುವ ಜಾಗವೇ ಉತ್ತರ ಹೇಳುತ್ತದೆ. ಬಾಗಿಲು ಒಂದು ಬದಿಗೆ ಜೋತಿದ್ದರೆ ತಪ್ಪು ಕೀಲಿನದು. ಪಟ್ಟಿ ಬದಲಿಸಿ ಪ್ರಯೋಜನವಿಲ್ಲ.

ಎರಡನೆಯದು ಅಳತೆ. ಕೆಲಸ ಕೆಡುವುದು ಬಹುತೇಕ ಇಲ್ಲಿಯೇ, ಆದ್ದರಿಂದ ಇಲ್ಲಿ ಅವಸರ ಸಲ್ಲದು. ಹಳೆಯ ಪಟ್ಟಿಯನ್ನು ಅಂಗಡಿಗೆ ಒಯ್ದು ‘ಇಂಥದ್ದೇ ಕೊಡಿ’ ಎಂದು ಕೇಳುವವರು ಎರಡು ರೀತಿಯಲ್ಲಿ ಮೋಸಹೋಗುತ್ತಾರೆ. ಹಳೆಯ ಪಟ್ಟಿ ಕುಗ್ಗಿರುತ್ತದೆ, ಅದರ ಬಾಯಿ ಅಗಲಿಸಿರುತ್ತದೆ. ಎರಡೂ ಸುಳ್ಳು ಅಳತೆ. ಅಳೆಯಬೇಕಾದದ್ದು ಗಾಜನ್ನು. ಮನೆಗಳಲ್ಲಿ ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ದಪ್ಪದ ಗಾಜಿರುತ್ತದೆ, ಕೆಲವೆಡೆ 6 ಅಥವಾ 12 ಇರುವುದೂ ಉಂಟು. ಪಟ್ಟಿಯನ್ನು ಒಂದು ತುದಿಯಲ್ಲಿ ಸ್ವಲ್ಪ ಎಳೆದು ಗಾಜಿನ ಬರಿಯ ಅಂಚು ಕಾಣುವಂತೆ ಮಾಡಿ ವರ್ನಿಯರ್ ಕ್ಯಾಲಿಪರ್ ಹಿಡಿಯುವುದು ಉತ್ತಮ. ಅದಿಲ್ಲದಿದ್ದರೆ ಅಂಚಿಗೆ ಸ್ಕೇಲನ್ನು ನೇರವಾಗಿ ಒತ್ತಿ ಹಿಡಿದು ಓದಬಹುದು. ಎರಡು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ತಿಳಿಯುತ್ತದೆ. 10ರ ಪಟ್ಟಿ 8ರ ಗಾಜಿನಲ್ಲಿ ನಿಲ್ಲದೆ ಜಾರುತ್ತದೆ. 8ರ ಪಟ್ಟಿಯನ್ನು 10ರ ಗಾಜಿಗೆ ಬಲವಂತವಾಗಿ ಏರಿಸಿದರೆ ಅದು ಆಗಲೇ ಸೀಳುತ್ತದೆ, ಇಲ್ಲವೇ ಸ್ವಲ್ಪ ಸಮಯದಲ್ಲಿ ಸೀಳುತ್ತದೆ.

ದಪ್ಪದ ನಂತರ ಸಂದಿ. ಬಾಗಿಲು ಮುಚ್ಚಿ, ಗಾಜಿನ ಕೆಳ ಅಂಚಿನಿಂದ ನೆಲದ ಪಟ್ಟಿಗೆ (ಬಾಗಿಲಿನಡಿಯ ಹೊಸ್ತಿಲಿಗೆ) ಎಷ್ಟು ಅಂತರವಿದೆ ಎಂಬುದನ್ನು ಕೀಲಿನ ಬದಿಯಲ್ಲಿಯೂ ಹಿಡಿಯ ಬದಿಯಲ್ಲಿಯೂ ಬೇರೆ ಬೇರೆಯಾಗಿ ಅಳೆಯಬೇಕು. ನೀರು ಹರಿದುಹೋಗಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುವುದರಿಂದ ಎರಡು ಕಡೆಯ ಅಂಕಿ ಒಂದೇ ಆಗಿರಬೇಕೆಂದಿಲ್ಲ. ದೊಡ್ಡ ಅಂತರಕ್ಕೆ ತಕ್ಕಷ್ಟು ಉದ್ದದ ನಾಲಗೆಯಿರುವ (ಗಾಜಿನಿಂದ ಕೆಳಕ್ಕೆ ಚಾಚಿ ಸಂದಿ ಮುಚ್ಚುವ ಭಾಗವೇ ನಾಲಗೆ) ಪಟ್ಟಿಯನ್ನೇ ಕೊಂಡು, ಕಿರಿದಾದ ಬದಿಯಲ್ಲಿ ನಾಲಗೆಯನ್ನು ಬ್ಲೇಡಿನಿಂದ ಸ್ವಲ್ಪ ಸವರುವುದು ಸರಿಯಾದ ಕ್ರಮ. ಗಾಜಿನ ಅಗಲ, ಎತ್ತರ, ದಪ್ಪ, ಎರಡೂ ಸಂದಿಗಳನ್ನು ಚೀಟಿಯಲ್ಲಿ ಬರೆದು, ಪಟ್ಟಿಯ ಅಡ್ಡಕೊಯ್ತ ಹೇಗೆ ಕಾಣುತ್ತದೆ ಎಂದು ಪಕ್ಕದಲ್ಲಿ ಗೀಚಿಕೊಂಡು ಹೋದರೆ ಕನ್ನಡದ ಅಂಗಡಿಯಲ್ಲೂ ಮಲಯಾಳದ ಅಂಗಡಿಯಲ್ಲೂ ಗೊಂದಲವಾಗುವುದಿಲ್ಲ. ಆಕಾರ ತೋರಿಸಲು ಮಾತ್ರ ಹಳೆಯದರ ಎರಡಿಂಚು ತುಂಡು ಜೊತೆಗಿರಲಿ. ಅಯಸ್ಕಾಂತದ ಪಟ್ಟಿಯಾಗಿದ್ದರೆ ಒಂದನ್ನೇ ಬದಲಿಸದೆ ಜೋಡಿಯಾಗಿಯೇ ಕೊಳ್ಳಬೇಕು.

ಪ್ಲಂಬಿಂಗ್ ಸಾಮಾನಿನ ಅಂಗಡಿಗಿಂತ ಗಾಜು ಕತ್ತರಿಸಿ ಕೊಡುವ ಅಂಗಡಿಯೇ ಇದಕ್ಕೆ ಲೇಸು. ಗಾಜನ್ನು ಹಿಡಿಯುವ ಭಾಗ ಗಡುಸಾಗಿಯೂ ನಾಲಗೆ ಮೃದುವಾಗಿಯೂ ಇರುವ ಪಟ್ಟಿಯನ್ನು ಆರಿಸಬೇಕು. ಇಡೀ ಪಟ್ಟಿ ಮೆತ್ತಗಿದ್ದರೆ ಹಿಡಿತ ಉಳಿಯುವುದಿಲ್ಲ. ಹಿಂಬದಿಯಲ್ಲಿ ಅಂಟು ಹಚ್ಚಿದ ಅಗ್ಗದ ಸುರುಳಿ ಪಟ್ಟಿಗಳು ಆನ್‌ಲೈನಿನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ, ಆದರೆ ಒದ್ದೆ ಬಚ್ಚಲಿನಲ್ಲಿ ಆ ಅಂಟಿಗೆ ಆಯುಷ್ಯವಿಲ್ಲ. ಒಳ್ಳೆಯ ಪಟ್ಟಿ ನೇರವಾದ ಕೋಲಿನ ರೂಪದಲ್ಲಿ ಬರುತ್ತದೆ. ಸ್ಕೂಟರಿನಲ್ಲಿ ತರಲು ಸುಲಭವೆಂದು ಅದನ್ನು ಮಡಚಿದರೆ ಮಡಿಕೆ ಬಿದ್ದಲ್ಲೇ ನೀರು ಸೋರುತ್ತದೆ.

ಹಳೆಯ ಪಟ್ಟಿಯನ್ನು ಕೈಯಿಂದಲೇ ಎಳೆದು ತೆಗೆಯಬಹುದು. ಹಟ ಮಾಡಿದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಿಡಿದರೆ ಸಡಿಲವಾಗುತ್ತದೆ. ಸ್ಕ್ರೂಡ್ರೈವರ್ ಮಾತ್ರ ಮುಟ್ಟಬೇಡಿ. ಈ ಬಾಗಿಲುಗಳದ್ದು ಹದಗೊಳಿಸಿದ ಟಫನ್ಡ್ ಗಾಜು. ಅದರ ಮೈ ಗಟ್ಟಿಯಾದರೂ ಅಂಚು ಮತ್ತು ಮೂಲೆ ದುರ್ಬಲ. ಲೋಹದ ತುದಿ ಅಲ್ಲಿ ತಾಗಿದರೆ ಇಡೀ ಬಾಗಿಲು ಒಮ್ಮೆಲೇ ಸಣ್ಣ ಸಣ್ಣ ಚೂರುಗಳಾಗಿ ಸುರಿಯಬಹುದು. ಚಪ್ಪಲಿ ಹಾಕಿಕೊಂಡೇ ಕೆಲಸ ಮಾಡುವುದು ಕ್ಷೇಮ.

ಬಳಿಕ ಗಾಜಿನ ಅಂಚನ್ನು ತೊಳೆಯಬೇಕು. ಬಿಳಿ ಕಲೆಗೆ ವಿನೆಗರ್ ಸಾಕು. ಮುರಕಲ್ಲಿನ ನೆಲದ ಬಾವಿಗಳಲ್ಲಿ ಕೆಲವೆಡೆ ಬರುವ ಕಬ್ಬಿಣದಂಶದ ಕಂದು ಕಲೆಗೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಬೂಸ್ಟಿಗೆಂದು ಬ್ಲೀಚ್ ಬಳಸುವುದಾದರೆ ಅದೇ ದಿನ ವಿನೆಗರ್ ಅಥವಾ ನಿಂಬೆ ಬೇಡ, ಇವು ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಇನ್ನು ಕತ್ತರಿಸುವುದು ಮತ್ತು ಕೂರಿಸುವುದು. ಕತ್ತರಿ ಪಟ್ಟಿಯನ್ನು ಜಜ್ಜುತ್ತದೆ; ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ, ಗುರುತಿನ ಮೇಲೆ ಟೇಪ್ ಸುತ್ತಿ, ನಿಧಾನವಾಗಿ ಕೊಯ್ಯಬೇಕು. ಕೆಳಗಿನ ಪಟ್ಟಿ ಗಾಜಿನ ಅಗಲಕ್ಕಿಂತ 2–3 ಮಿ.ಮೀ. ಕಿರಿದಾಗಿದ್ದರೆ ಗೋಡೆಗಾಗಲಿ ಪಕ್ಕದ ಸ್ಥಿರ ಗಾಜಿಗಾಗಲಿ ಉಜ್ಜುವುದಿಲ್ಲ. ಒಮ್ಮೆಗೇ ಸರಿ ಅಳತೆಗೆ ಕೊಯ್ಯುವ ಧೈರ್ಯ ಬೇಡ, ತುಸು ಉದ್ದವಾಗಿ ಕೊಯ್ದು ಆಮೇಲೆ ಕೆರೆಯುವುದು ವಾಸಿ. ಕೀಲಿನ ಬದಿಯ ಪಟ್ಟಿಯನ್ನು ಕೀಲುಗಳ ನಡುವಿನ ಅಂತರಕ್ಕೆ ಸರಿಯಾಗಿ ತುಂಡು ಮಾಡಬೇಕು.

ಕೂರಿಸುವ ಮುನ್ನ ಒಳ ಹೊರ ಯಾವುದೆಂದು ನೋಡಿ. ಕೆಳಗಿನ ಪಟ್ಟಿಯಲ್ಲಿ ಓರೆಯಾಗಿ ಚಾಚಿದ ಒಂದು ತುಟಿಯಿರುತ್ತದೆ. ಅದು ಶವರಿನ ಕಡೆಗೇ ಇರಬೇಕು. ಗಾಜಿನ ಮೇಲಿನಿಂದ ಇಳಿದ ನೀರನ್ನು ಸೂರಿನ ಅಂಚಿನಂತೆ ಒಳಗೆ ತೊಟ್ಟಿಕ್ಕಿಸುವುದು ಆ ತುಟಿಯೇ. ತಿರುಗಿಸಿ ಹಾಕಿದರೆ ಹೊಸ ಪಟ್ಟಿಯೇ ನೀರನ್ನು ಹೊರಗೆ ಸಾಗಿಸುತ್ತದೆ, ಮತ್ತು ಜನ ಪಟ್ಟಿ ಕಳಪೆಯೆಂದು ದೂರುತ್ತಾರೆ. ಗಾಜಿನ ಅಂಚಿಗೆ ಸೋಪಿನ ನೀರು ಹಚ್ಚಿ (ತೆಂಗಿನೆಣ್ಣೆ ಬೇಡ, ಅದು ಅಲ್ಲೇ ಉಳಿದು ಪಟ್ಟಿ ಜಾರುವಂತೆ ಮಾಡುತ್ತದೆ) ಒಂದು ತುದಿಯಿಂದ ಆರಂಭಿಸಿ, ಅಂಗೈಯಿಂದ ಗೇಣುಗೇಣಾಗಿ ಒತ್ತುತ್ತ ಸಾಗಬೇಕು. ಎರಡೂ ತುದಿಯನ್ನು ಮೊದಲು ಸಿಕ್ಕಿಸಿದರೆ ನಡು ಉಬ್ಬುತ್ತದೆ. ಎಳೆದು ಹಿಗ್ಗಿಸಿ ಕೂರಿಸಿದರೆ ಕೆಲವು ದಿನಗಳಲ್ಲಿ ಕುಗ್ಗಿ ಮೂಲೆಯಲ್ಲಿ ಸಂದಿ ಬಿಡುತ್ತದೆ. ಕೆಳಗೆ ಕೈಯಾಡಲು ಜಾಗವಿಲ್ಲದಿದ್ದರೆ ಬಾಗಿಲನ್ನು ಪೂರ್ತಿ ತೆರೆದು ಹಿಡಿಯ ಬದಿಯಿಂದ ಪಟ್ಟಿಯನ್ನು ಜಾರಿಸಿ ಒಳತಳ್ಳಬಹುದು. ಗಟ್ಟಿಯಾಗಿದೆಯೆಂದು ಸುತ್ತಿಗೆಯಿಂದ ತಟ್ಟುವವರಿದ್ದಾರೆ; ಮರದ ಸುತ್ತಿಗೆಯೂ ಬೇಡ.

ಬಾಗಿಲು ಮುಚ್ಚಿದಾಗ ನಾಲಗೆ ನೆಲದ ಪಟ್ಟಿಯನ್ನು ಸವರುವಷ್ಟು ತಾಗಿದರೆ ಸಾಕು. ಅದು ಮಡಚಿಕೊಂಡು ಬಾಗಿಲನ್ನು ತಡೆಯುತ್ತಿದ್ದರೆ ಒಂದೊಂದೇ ಮಿಲಿಮೀಟರ್ ಕೊಯ್ಯಿರಿ. ಪತ್ರಿಕೆ ಹಾಸುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಮೂಲೆಯಲ್ಲಿ ಒಂದೆರಡು ಹನಿ ಮಾತ್ರ ಕಂಡರೆ ಆ ತುದಿಯನ್ನು ಮತ್ತೊಮ್ಮೆ ಒತ್ತಿ ನೋಡಿ. ಉಳಿದ ತುಂಡಿನ ಮೇಲೆ ಗಾಜಿನ ದಪ್ಪವನ್ನೂ ಸಂದಿಯ ಅಳತೆಯನ್ನೂ ಮಾರ್ಕರ್ ಪೆನ್ನಿನಲ್ಲಿ ಬರೆದು ಉಪಕರಣಗಳ ಡಬ್ಬಿಯಲ್ಲಿಟ್ಟರೆ ಮುಂದಿನ ಬಾರಿ ಅಂಗಡಿಗೆ ಅದನ್ನೇ ಒಯ್ಯಬಹುದು.