ಎಪಿ, ಐಬಿ, ಡ್ಯುಯಲ್ ಎನ್‌ರೋಲ್‌ಮೆಂಟ್: ಅಮೆರಿಕಕ್ಕೆ ಹೊಸದಾಗಿ ಬಂದ ತಂದೆತಾಯಿಗಳಿಗೆ

ಪಿಯುಸಿ, ಸಿಇಟಿ ನೋಡಿ ಬೆಳೆದ ನಮಗೆ ಕೊನೆಯ ಪರೀಕ್ಷೆಯೇ ಸರ್ವಸ್ವ. ಇಲ್ಲಿ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠ) ತರಗತಿಗೆ ಸೇರಿದ ಮಗುವಿಗೆ ಎರಡು ಫಲಿತಾಂಶ ಬರುತ್ತವೆ. ಹೋಂವರ್ಕು, ಕ್ವಿಜ್ಜು, ಲ್ಯಾಬು ಎಲ್ಲ ಸೇರಿಸಿ ಶಾಲೆ ಕೊಡುವ ಗ್ರೇಡು ಒಂದು; ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಪರೀಕ್ಷೆಯ 1ರಿಂದ 5ರವರೆಗಿನ ಅಂಕ ಇನ್ನೊಂದು. ಕಾಲೇಜು ಪ್ರವೇಶಕ್ಕೆ ಹೆಚ್ಚು ತೂಗುವುದು ಮೊದಲನೆಯದೇ. ಹನ್ನೆರಡನೇ ತರಗತಿಯ ಎಪಿ ಅಂಕ ಜುಲೈನಲ್ಲಿ ಕೈಸೇರುವ ಹೊತ್ತಿಗೆ ಸೀಟು ನಿಗದಿಯಾಗಿರುತ್ತದೆ. ಅದು ಕ್ರೆಡಿಟ್‌ಗೆ, ಅಂದರೆ ಕಾಲೇಜಿನಲ್ಲಿ ಆ ಕೋರ್ಸ್ ಆಗಲೇ ಮುಗಿದಂತೆ ಲೆಕ್ಕ ಹಿಡಿಸಲು, ಮಾತ್ರ ಉಪಯೋಗ. ಆದ್ದರಿಂದ ಮೊದಲ ವಾರದ ಹೋಂವರ್ಕನ್ನೂ ಹಗುರವಾಗಿ ಬಿಡಬೇಡಿ.

ಮೊದಲು ಗಣಿತ ನೋಡಿ. ಆಲ್ಜಿಬ್ರಾ 1, ಜಾಮೆಟ್ರಿ, ಆಲ್ಜಿಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್: ಸಾಮಾನ್ಯವಾಗಿ ವರ್ಷಕ್ಕೊಂದು ಮೆಟ್ಟಿಲು. ಊರಿನ ಅಂಕಪಟ್ಟಿಯಲ್ಲಿ ಬರೀ ‘ಗಣಿತ’ ಎಂದಿರುತ್ತದೆ. ಅದನ್ನು ನೋಡಿ ಒಂಬತ್ತನೇ ತರಗತಿಗೆ ಬಂದ ಮಗುವನ್ನು ಆಲ್ಜಿಬ್ರಾ 1ಕ್ಕೆ ಹಾಕಿಬಿಟ್ಟರೆ ಹನ್ನೆರಡು ಮುಗಿದರೂ ಕ್ಯಾಲ್ಕುಲಸ್ ಸಿಗದು. ಶಾಲೆ ಶುರುವಾಗುವ ಮುಂಚೆಯೇ ಮಗು ಯಾವ ಮೆಟ್ಟಿಲಿಗೆ ಸೇರಬೇಕೆಂದು ನೋಡುವ ಪ್ಲೇಸ್‌ಮೆಂಟ್ ಟೆಸ್ಟ್ ಕೇಳಿ, ಪಠ್ಯಪುಸ್ತಕದ ಪರಿವಿಡಿಯನ್ನೂ ಜೊತೆಗೆ ಒಯ್ಯಿರಿ. ಎಪಿ ಕ್ಯಾಲ್ಕುಲಸ್‌ನಲ್ಲಿ ಎಬಿ (AB), ಬಿಸಿ (BC) ಎಂದು ಎರಡು ಕೋರ್ಸ್; ಎಂಜಿನಿಯರಿಂಗ್ ಮನಸ್ಸಿದ್ದರೆ ಬಿಸಿ ಗುರಿಯಾಗಿರಲಿ. ಎಬಿಯ ಪಾಠವೆಲ್ಲ ಅದರೊಳಗೇ ಇದೆ. ಎಪಿ ಫಿಸಿಕ್ಸ್ ಸಿ (C) ಕೋರ್ಸಿಗೆ ಕ್ಯಾಲ್ಕುಲಸ್ ಬೇಕು. ಫಿಸಿಕ್ಸ್ 1ಕ್ಕೆ ಬೇಡ.

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಹನ್ನೊಂದು, ಹನ್ನೆರಡರ ಎರಡು ವರ್ಷದ ಕಟ್ಟು. ಆರು ವಿಷಯ, ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್ (ಹೆಚ್ಚು ಆಳದ ಪಾಠ), 4,000 ಪದ ಮಿತಿಯ ಪ್ರಬಂಧ; ಒಟ್ಟು 45 ಅಂಕ. ಬರವಣಿಗೆಯಲ್ಲಿ ಗಟ್ಟಿಯಿರುವ ಮಕ್ಕಳಿಗೆ ಬಹಳ ಒಳ್ಳೆಯದು. ಆದರೆ ಕ್ರೆಡಿಟ್ ಕೊಡುವಾಗ ಹಲವು ಕಾಲೇಜುಗಳು ಹೈಯರ್ ಲೆವೆಲ್ ಮಾತ್ರ ಎಣಿಸುತ್ತವೆ. ಎಚ್‌1ಬಿಯಲ್ಲಿದ್ದು ಕೆಲಸ ಬದಲಾದರೆ ಊರೂ ಬದಲಾಗಬಹುದು ಎನ್ನುವವರು ಎರಡು ಸಲ ಯೋಚಿಸಿ: ಹೊಸ ಊರಿನಲ್ಲಿ ಐಬಿ ಶಾಲೆ ಇಲ್ಲದಿದ್ದರೆ ಅರ್ಧಕ್ಕೇ ಕೈಬಿಡಬೇಕಾಗುತ್ತದೆ. ಎಪಿ ಹೆಚ್ಚುಕಡಿಮೆ ಎಲ್ಲೆಡೆ ನಡೆಯುತ್ತದೆ.

ಡ್ಯುಯಲ್ ಎನ್‌ರೋಲ್‌ಮೆಂಟ್ ಎಂದರೆ ಹೈಸ್ಕೂಲಿನಲ್ಲಿರುವಾಗಲೇ, ಹೆಚ್ಚಾಗಿ ಕಮ್ಯುನಿಟಿ ಕಾಲೇಜಿನ (ಸ್ಥಳೀಯ ಎರಡು ವರ್ಷದ ಕಾಲೇಜಿನ) ಕೋರ್ಸ್ ಮಾಡುವುದು. ಖರ್ಚು ಕಡಿಮೆ ಎಂದು ನಮ್ಮವರು ಬೇಗ ಒಪ್ಪುತ್ತಾರೆ, ಜೋಪಾನ ಬೇಕಾದದ್ದೂ ಇಲ್ಲೇ. ಎಪಿ ಪರೀಕ್ಷೆಯಲ್ಲಿ 2 ಬಂದರೆ ಆ ಅಂಕವನ್ನು ಕಾಲೇಜಿಗೆ ಕಳಿಸದೆ ಇರಬಹುದು. ಆದರೆ ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಬಂದ ‘ಸಿ’ ಗ್ರೇಡು ಕಾಲೇಜು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಶಾಶ್ವತ. ಮುಂದೆ ಮೆಡಿಕಲ್ ಅರ್ಜಿಯಲ್ಲೂ ಅದನ್ನು ತೋರಿಸಲೇಬೇಕು. ಕಷ್ಟವೆನಿಸಿದರೆ ಡ್ರಾಪ್ ಗಡುವಿನೊಳಗೆ ಬಿಡಬೇಕು. ತಡವಾದರೆ ‘ಡಬ್ಲ್ಯೂ’ (ವಿತ್‌ಡ್ರಾ, ನಡುವೆ ಬಿಟ್ಟದ್ದರ ಗುರುತು) ಬೀಳುತ್ತದೆ. ನೀವು ಪ್ರೊಫೆಸರಿಗೆ ಫೋನ್ ಮಾಡಿ ಉಪಯೋಗವಿಲ್ಲ. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯುವ ಫೆರ್ಪಾ (FERPA) ಕಾನೂನಿನ ಪ್ರಕಾರ ಕಾಲೇಜು ದಾಖಲೆಯ ಹಕ್ಕು, ವಯಸ್ಸು ಎಷ್ಟೇ ಇರಲಿ, ವಿದ್ಯಾರ್ಥಿಯದು. ಕ್ರೆಡಿಟ್ ಅದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸುಲಭವಾಗಿ ನಡೆಯುತ್ತದೆ, ಖಾಸಗಿಯಲ್ಲಿ ಖಾತ್ರಿಯಿಲ್ಲ.

ಎಪಿ ಪರೀಕ್ಷೆಯ ನೋಂದಣಿ ಶಾಲೆಯ ಮೂಲಕ, ಶರತ್ಕಾಲದಲ್ಲೇ.

ಪಕ್ಕದ ಮನೆಯ ಮಗು ಆರು ಎಪಿ ಮಾಡುತ್ತಿದೆಯೆಂದು ನಿಮ್ಮ ಮಗುವಿಗೂ ಹೇರಬೇಡಿ. ಹನ್ನೊಂದನೇ ತರಗತಿಯಲ್ಲಿ ಮೊದಲು ಹೋಗುವುದು ನಿದ್ದೆ, ಆಮೇಲೆ ಭಾನುವಾರದ ಕನ್ನಡ ತರಗತಿ. ಅಜ್ಜಿಯ ಜೊತೆ ಫೋನಿನಲ್ಲಿ ನಾಲ್ಕು ಮಾತಾಡುವ ಕನ್ನಡ ಒಮ್ಮೆ ತಪ್ಪಿದರೆ ಅದನ್ನು ಯಾವ ಕ್ರೆಡಿಟ್ಟೂ ತುಂಬದು. ಎಪಿಯಲ್ಲಿ ಕನ್ನಡವಿಲ್ಲ. ಆದರೆ ಬಹಳಷ್ಟು ರಾಜ್ಯಗಳು ಹೈಸ್ಕೂಲ್ ಡಿಪ್ಲೊಮಾ ಜೊತೆ ಸೀಲ್ ಆಫ್ ಬೈಲಿಟರಸಿ (ಎರಡು ಭಾಷೆ ಬಲ್ಲರೆಂಬ ಮುದ್ರೆ) ಕೊಡುತ್ತವೆ, ಅದಕ್ಕೆ ಬಳಸುವ ಸ್ಟ್ಯಾಂಪ್ (STAMP) ಭಾಷಾ ಪರೀಕ್ಷೆ ಕನ್ನಡದಲ್ಲೂ ಇದೆ. ನಿಮ್ಮ ಶಾಲಾ ಜಿಲ್ಲೆ (ಸ್ಕೂಲ್ ಡಿಸ್ಟ್ರಿಕ್ಟ್) ಅದನ್ನು ಒಪ್ಪುತ್ತದೆಯೇ ಎಂದು ಶಾಲೆಯ ಕೌನ್ಸೆಲರ್ ಹತ್ತಿರ ಹತ್ತನೇ ತರಗತಿಯಲ್ಲೇ ಕೇಳಿ. ಪರೀಕ್ಷೆಯಲ್ಲಿ ಬರಹವೂ ಇರುವುದರಿಂದ ಮಾತಾಡಲು ಬಂದರಷ್ಟೇ ಸಾಲದು.